ರೋಗಿಯ ಮಾತು, ವೈದ್ಯನ ಕೈ

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಸರ್ ರೊನಾಲ್ಡ್ ರಾಸ್ ಅವರ ಹೆಸರನ್ನು ಹೊತ್ತ ಹಳೆಯ ಕಟ್ಟಡವೊಂದಿದೆ. 1897ರ ಆಗಸ್ಟ್ 20ರಂದು ಅಲ್ಲಿ ರಾಸ್ ಅವರು, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದಲ್ಲಿ ಆ ರೋಗಾಣುವನ್ನು ಗುರುತಿಸಿದರು. ಅದಕ್ಕೆ ಮೊದಲು ನಮ್ಮ ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ವಿಷಯವನ್ನು ಬಲ್ಲವರು ಅನೇಕರು. ಆದರೆ ಅವರ ವಿದ್ಯಾರ್ಥಿದೆಸೆಯ ಒಂದು ಸಂಗತಿಯನ್ನು ಬಲ್ಲವರು ವಿರಳ.

ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ರಾಸ್ ಅವರ ಬಳಿಗೆ ಎಸೆಕ್ಸ್ ಪ್ರಾಂತದ ಒಬ್ಬ ಮಹಿಳೆ ತಲೆನೋವು, ಮೈಕೈ ನೋವುಗಳೆಂದು ಬಂದಳು. ಒಮ್ಮೆ ಚಳಿ, ಒಮ್ಮೆ ಸೆಕೆ ಎಂದಳು. ವಿದ್ಯಾರ್ಥಿಯು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಅದು ಮಲೇರಿಯಾ ಇರಬೇಕೆಂದು ಊಹಿಸಿದನು. ಉಷ್ಣದೇಶಗಳದೆಂದು ಭಾವಿಸಲಾಗಿದ್ದ ಆ ರೋಗವು ಎಸೆಕ್ಸಿನ ಜವುಗು ಭೂಮಿಯಲ್ಲಿಯೂ ಇತ್ತು. ಆದರೆ ಆ ದೀರ್ಘ ವಿಚಾರಣೆಗೆ ಹೆದರಿದ ಹೆಂಗಸು ಮತ್ತೆ ಆ ಕಡೆಗೆ ಬರಲೇ ಇಲ್ಲ. ಊಹೆಯನ್ನು ಸಿದ್ಧಪಡಿಸಲೂ ಆಗಲಿಲ್ಲ. ವಿಚಾರಣೆಯಿಂದ ರೋಗವನ್ನು ಹಿಡಿಯಬಹುದು, ವಿಚಾರಣೆಯ ರೀತಿಯಿಂದಲೇ ರೋಗಿಯನ್ನು ಕಳೆದುಕೊಳ್ಳಬಹುದು ಎಂಬ ಎರಡು ಪಾಠಗಳು ಇದರಲ್ಲಿವೆ. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಯು ಕಲಿಯಬೇಕಾದುದು ಇವೆರಡನ್ನೇ.

ವಿಚಾರಣೆಯ ಕ್ರಮ

ಬ್ಯಾಂಕಿನಲ್ಲಿ ಸಾಲದ ಅರ್ಜಿ ಬಂದರೆ ನಾವು ಮೊದಲು ಅರ್ಜಿದಾರನನ್ನು ಕೂರಿಸಿಕೊಂಡು ವಿಚಾರಿಸುತ್ತೇವೆ, ಅನಂತರ ಸ್ಥಳ ತಪಾಸಣೆ ಮಾಡುತ್ತೇವೆ, ಬಳಿಕ ಕಾಗದಪತ್ರಗಳನ್ನು ತರಿಸುತ್ತೇವೆ. ವೈದ್ಯನ ಕ್ರಮವೂ ಇದೇ: ವಿಚಾರಣೆ, ದೇಹಪರೀಕ್ಷೆ, ಆಮೇಲೆ ರಕ್ತಪರೀಕ್ಷೆ, ಎಕ್ಸ್-ರೇ ಇತ್ಯಾದಿ. ಇವುಗಳಲ್ಲಿ ಮೊದಲನೆಯದರ ಮಹತ್ವವೆಷ್ಟು? 1975ರಲ್ಲಿ ಬ್ರಿಟನ್ನಿನ ವೈದ್ಯರು 80 ಮಂದಿ ಹೊಸ ಹೊರರೋಗಿಗಳ ವಿಷಯದಲ್ಲಿ ಇದನ್ನು ಲೆಕ್ಕಹಾಕಿ ಪ್ರಕಟಿಸಿದರು. 66 ಮಂದಿಯಲ್ಲಿ, ಅವರನ್ನು ಕಳುಹಿಸಿದ ವೈದ್ಯರ ಪತ್ರ ಮತ್ತು ರೋಗಿಯ ಹೇಳಿಕೆಗಳಿಂದ ಮಾಡಿದ ನಿರ್ಣಯವೇ ಕೊನೆಗೂ ನಿಂತಿತು. ದೇಹಪರೀಕ್ಷೆಯಿಂದ ನಿರ್ಣಯಕ್ಕೆ ನೆರವಾದುದು 7 ಮಂದಿಯಲ್ಲಿ, ಪ್ರಯೋಗಾಲಯದಿಂದ ನೆರವಾದುದು ಇನ್ನು 7 ಮಂದಿಯಲ್ಲಿ. ಅಂದಿನಿಂದ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೆ ಯಾವ ಯಂತ್ರಕ್ಕೆ ಯಾವ ರೋಗಿಯನ್ನು ಕಳುಹಿಸಬೇಕೆಂಬುದನ್ನು ಇಂದಿಗೂ ತೀರ್ಮಾನಿಸುವುದು ರೋಗಿಯ ಮಾತೇ.

ನನ್ನ ಅಣ್ಣನ ಮಗಳು ಈ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ರಜೆಯ ದಿನ ಮನೆಗೆ ಬಂದಾಗ ನಮ್ಮನ್ನೇ ರೋಗಿಗಳನ್ನಾಗಿ ಮಾಡಿಕೊಂಡು ಅಭ್ಯಾಸ ನಡೆಸುವುದರಿಂದ ವಾಣಿಜ್ಯ ಪದವೀಧರನಾದ ನನಗೂ ಈ ಪಾಠ ಕಿವಿಗೆ ಬಿದ್ದಿದೆ. ಹೆಸರು, ವಯಸ್ಸು, ಊರು, ಉದ್ಯೋಗಗಳಾದ ಮೇಲೆ ಮುಖ್ಯ ದೂರನ್ನು ರೋಗಿಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಎಷ್ಟು ದಿನದಿಂದ ಎಂಬುದನ್ನು ಸೇರಿಸಬೇಕು. ನೋವಾದರೆ ಅದು ಎಲ್ಲಿ, ಹೇಗೆ ಆರಂಭವಾಯಿತು, ಚುಚ್ಚುವುದೋ ಹಿಂಡುವುದೋ ಉರಿಯುವುದೋ, ಬೇರೆಡೆಗೆ ಹರಿಯುವುದೋ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ, ಜೊತೆಗೆ ಮತ್ತೇನಿದೆ ಎಂದು ಕೇಳಬೇಕು. ಬಳಿಕ ಹಿಂದಿನ ಕಾಯಿಲೆಗಳು, ನುಂಗುತ್ತಿರುವ ಔಷಧಗಳು, ಒಗ್ಗದ ಔಷಧಗಳು, ಮನೆತನದ ರೋಗಗಳು, ಊಟ, ನಿದ್ರೆ, ಹೊಗೆಸೊಪ್ಪು, ಮದ್ಯ.

“ಚಿಕ್ಕಪ್ಪ, ಎಲ್ಲಿ ನೋವು ಅಂತ ಬಾಯಲ್ಲಿ ಹೇಳಬೇಡಿ, ಕೈಯಿಂದ ತೋರಿಸಿ” ಎನ್ನುತ್ತಾಳೆ ಆಕೆ. ಒಂದೇ ಬೆರಳಿನಿಂದ ತೋರಿಸುವ ನೋವಿಗೂ, ಎದೆಯ ಮೇಲೆ ಮುಷ್ಟಿಯನ್ನೇ ಇಟ್ಟು ತೋರಿಸುವ ನೋವಿಗೂ ಅರ್ಥ ಬೇರೆ ಬೇರೆ ಇರಬಹುದಂತೆ.

ಕಣ್ಣು, ಕೈ, ಕಿವಿ

ಪರೀಕ್ಷೆಗೆ ಮೊದಲು ವಿದ್ಯಾರ್ಥಿಯು ತನ್ನ ಹೆಸರು ಹೇಳಿ, ಅನುಮತಿ ಕೇಳಿ, ಕೈ ತೊಳೆದು, ರೋಗಿಯ ಬಲಗಡೆಯಲ್ಲಿ ನಿಲ್ಲಬೇಕು. ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ರಕ್ತಹೀನತೆಯನ್ನೂ, ಬಿಳಿಗುಡ್ಡೆಯನ್ನು ನೋಡಿ ಕಾಮಾಲೆಯನ್ನೂ, ಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ಗುಳಿ ಬೀಳುವ ಬಾವನ್ನೂ ಗುರುತಿಸಬೇಕು. ನಾಡಿ, ಉಸಿರಾಟ, ರಕ್ತದೊತ್ತಡ, ಜ್ವರಗಳನ್ನು ಅಳೆಯಬೇಕು.

ನಾಡಿ, ಉಸಿರಾಟಗಳ ವಿಷಯದಲ್ಲಿ ಹೈದರಾಬಾದಿಗೆ ಒಂದು ಇತಿಹಾಸವೇ ಇದೆ. 1888 ಮತ್ತು 1889ರಲ್ಲಿ ನಿಜಾಮರ ಆಶ್ರಯದಲ್ಲಿ ಇಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಪ್ರಯೋಗ ನಡೆಸಿದವು. ಅರಿವಳಿಕೆ ಕೊಡುವಾಗ ಉಸಿರಾಟವನ್ನೇ ಗಮನಿಸಬೇಕು, ನಾಡಿಯ ಚಿಂತೆ ಬೇಡ ಎಂಬುದು ಅವುಗಳ ರೂವಾರಿ ಡಾ. ಎಡ್ವರ್ಡ್ ಲಾರಿಯವರ ವಾದ. ಕ್ಲೋರೋಫಾರ್ಮು ಹೃದಯವನ್ನು ನೇರವಾಗಿ ನಿಲ್ಲಿಸಬಲ್ಲದೆಂದು ಮುಂದೆ ಸಿದ್ಧವಾಯಿತು. ಒಂದನ್ನು ನೋಡಿ ಇನ್ನೊಂದನ್ನು ಬಿಡಲಾಗದೆಂದೇ ಇಂದಿನ ವಿದ್ಯಾರ್ಥಿಯು ಎರಡನ್ನೂ ಎಣಿಸುತ್ತಾನೆ.

ಅನಂತರ ನಾಲ್ಕು ಹಂತಗಳು: ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ತಟ್ಟಿ ನೋಡುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ ಆಸ್ಟ್ರಿಯಾದ ಆವೆನ್‌ಬ್ರುಗರ್ ಒಬ್ಬ ವಸತಿಗೃಹದ ಒಡೆಯನ ಮಗ. ಪೀಪಾಯಿಯನ್ನು ತಟ್ಟಿ ದ್ರಾಕ್ಷಾರಸ ಎಲ್ಲಿಯವರೆಗೆ ತುಂಬಿದೆಯೆಂದು ತಿಳಿಯುವಂತೆ ಎದೆಯೊಳಗಿನ ನೀರನ್ನೂ ತಿಳಿಯಬಹುದೆಂದು ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. ತೆಂಗಿನಕಾಯಿಯನ್ನು ತಟ್ಟಿ ಆರಿಸುವ ನಮ್ಮ ಗೃಹಿಣಿಯರಿಗೆ ಇದು ಸುಲಭವಾಗಿ ಅರ್ಥವಾದೀತು. 1816ರಲ್ಲಿ ಫ್ರಾನ್ಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ಎದೆಗೆ ಇಟ್ಟು ಆಲಿಸಿದ್ದೇ ಸ್ಟೆತಾಸ್ಕೋಪಿನ ಮೂಲ.

ಹೊರನಾಡಿನಲ್ಲಿ ಮಾತಿನ ತೊಡಕು

ಇಲ್ಲಿಯೇ ಹೊರನಾಡ ಕನ್ನಡಿಗರಾದ ನಮ್ಮ ಸಮಸ್ಯೆ ಎದುರಾಗುವುದು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಲ್ಲಿಯ ಜನ ಇಂದಿಗೂ ಚಿಕಿತ್ಸೆಗೆ ಇಲ್ಲಿಗೆ ಬರುತ್ತಾರೆ. ಊರಿನಿಂದ ಬಂದ ತಾಯಿಗೆ ಕನ್ನಡ ಮಾತ್ರ ಗೊತ್ತು, ವೈದ್ಯರಿಗೆ ತೆಲುಗು, ಉರ್ದು, ಇಂಗ್ಲಿಷು ಗೊತ್ತು. ನಡುವೆ ಮಗ. “ಎದಿ ಹಿಂಡ್ದಂಗ ಆಗ್ಲಾಕತ್ತದ” ಎಂದು ತಾಯಿ ಹೇಳಿದರೆ, ಅವಸರದಲ್ಲಿರುವ ಮಗ “ಗ್ಯಾಸ್ ಟ್ರಬಲ್” ಎಂದು ಭಾಷಾಂತರಿಸುತ್ತಾನೆ. ವಯಸ್ಸಾದವರಲ್ಲಿ, ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ತೀವ್ರ ನೋವಿಲ್ಲದೆ ಸಂಕಟ, ಬೆವರು, ಉಬ್ಬಸ, ಸುಸ್ತುಗಳಾಗಿಯೂ ಕಾಣಿಸಿಕೊಳ್ಳಬಹುದು. ಹೀಗಿರುವಾಗ ಆ ಒಂದು ತಪ್ಪು ಭಾಷಾಂತರಕ್ಕೆ ಪ್ರಾಣವೇ ಬೆಲೆಯಾದೀತು. “ತಲೆಸುತ್ತು” ಎಂಬ ಮಾತೂ ಹಾಗೆಯೇ. ಕೋಣೆ ಗಿರ್ರನೆ ತಿರುಗುವುದಕ್ಕೂ, ಕಣ್ಣು ಕತ್ತಲೆಗಟ್ಟಿ ಬೀಳುವಂತಾಗುವುದಕ್ಕೂ ಕಾರಣಗಳು ಬೇರೆ; ನಮ್ಮ ಆಡುಮಾತಿನಲ್ಲಿ ಮಾತ್ರ ಹೆಸರು ಒಂದೇ.

2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಪ್ರಾರಂಭದ ತರಗತಿಗಳಲ್ಲಿಯೇ ಸ್ಥಳೀಯ ಭಾಷೆಯ ಪರಿಚಯಕ್ಕೂ, ಮುಂದೆ ರೋಗಿಯೊಡನೆ ಮಾತನಾಡುವ ರೀತಿನೀತಿಗಳಿಗೂ ಸ್ಥಾನ ಕೊಟ್ಟಿತು. ಇದು ಸಂತೋಷದ ವಿಷಯ. ಆದರೆ ಸ್ಥಳೀಯ ಭಾಷೆಯೆಂದರೆ ಇಲ್ಲಿ ತೆಲುಗು. ಕನ್ನಡದ ಮಾತನ್ನು ವೈದ್ಯರಿಗೆ ತಲುಪಿಸುವ ಹೊಣೆ ನಮ್ಮದೇ.

ನಾವು ಮಾಡಬಹುದಾದುದು

1. ಹಿರಿಯರೇ ಮೊದಲು ಮಾತನಾಡಲಿ. ಅವರು ಮುಗಿಸಿದ ಮೇಲೆ, ಅವರು ಹೇಳಿದುದನ್ನಷ್ಟೇ ಭಾಷಾಂತರಿಸಿ. ರೋಗದ ಹೆಸರನ್ನು ನಾವು ಇಡುವುದು ಬೇಡ.

2. ಯಾವ ತೊಂದರೆ, ಎಂದಿನಿಂದ ಎಂಬುದನ್ನು ಹಿಂದಿನ ದಿನವೇ ತಾರೀಖಿನ ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

3. ಎಲ್ಲ ಔಷಧಗಳನ್ನೂ ಚೀಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ಮದ್ದು, ಕಷಾಯ, ಭಸ್ಮಗಳನ್ನೂ ಬಿಡದೆ ತಿಳಿಸಿ.

4. ಒಗ್ಗದ ಔಷಧವಿದ್ದರೆ ಕೇಳುವ ಮೊದಲೇ ಹೇಳಿ.

5. ಸೊಸೆ ಅಥವಾ ಮಗನ ಎದುರು ಹೇಳಲಾಗದ ಮಾತುಗಳೂ ಇರುತ್ತವೆ. ಸ್ವಲ್ಪ ಹೊತ್ತು ವೈದ್ಯರೊಡನೆ ಅವರನ್ನು ಬಿಟ್ಟುಕೊಡಿ. ಮಾತಿನ ತೊಡಕಿದ್ದರೆ ಕನ್ನಡ ಬಲ್ಲ ದಾದಿಯೊಬ್ಬರು ಸಿಗುವರೇ ಎಂದು ವಿಚಾರಿಸಿ.

6. ಬೋಧನಾಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಬಂದು ಮತ್ತದೇ ಪ್ರಶ್ನೆಗಳನ್ನು ಕೇಳಿದರೆ ಬೇಸರಿಸಬೇಡಿ. ದಣಿವಾದರೆ ಒಲ್ಲೆನೆನ್ನುವ ಹಕ್ಕು ರೋಗಿಗೆ ಇದೆ. ಆದರೆ ಸಮಾಧಾನದಿಂದ ಉತ್ತರಿಸಿದರೆ ಒಬ್ಬ ಒಳ್ಳೆಯ ವೈದ್ಯನ ತರಬೇತಿಯಲ್ಲಿ ನಾವೂ ಪಾಲುಗಾರರಾಗುತ್ತೇವೆ.

ವೈದ್ಯನ ಮುಂದೆಯೂ ವಕೀಲನ ಮುಂದೆಯೂ ಏನನ್ನೂ ಬಚ್ಚಿಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪರಭಾಷೆಯ ಊರಿನಲ್ಲಿ, ಹೇಳಿದ ಮಾತು ಹೇಳಿದಂತೆಯೇ ತಲುಪಿತೇ ಎಂಬುದನ್ನೂ ನೋಡಿಕೊಳ್ಳಬೇಕು. ಎದೆ ಹಿಂಡುವಿಕೆ, ಮಾತಿನ ತೊದಲು, ಕೈಕಾಲಿನ ಸ್ವಾಧೀನ ತಪ್ಪುವಿಕೆ ಇವು ಒಮ್ಮೆಲೇ ಕಾಣಿಸಿಕೊಂಡರೆ ಮಾತ್ರ ಪಟ್ಟಿ ಬರೆಯುತ್ತಾ ಕೂರಬಾರದು. ತಕ್ಷಣವೇ 108ಕ್ಕೆ ದೂರವಾಣಿ ಮಾಡಬೇಕು, ತೊಂದರೆ ಎಷ್ಟು ಗಂಟೆಗೆ ಶುರುವಾಯಿತೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.