ಪಣಂಬೂರಿನ ಬಂದರು
ಬಂದರೆಂದರೆ ಕಡಲು ತಾನಾಗಿ ಒದಗಿಸಿದ ತಾಣವೆಂದು ಭಾವಿಸುವವರುಂಟು. ಪಣಂಬೂರಿನ ನವಮಂಗಳೂರು ಬಂದರು ಹಾಗಲ್ಲ. ಮಂಗಳೂರಿನ ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿದ್ದು, ಅಲ್ಲಿಯ ನೀರಿಗೆ ಆಳ ಸಾಲದು. ಭಾರಿ ಹಡಗುಗಳು ದೂರದ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಆದುದರಿಂದ ಪಣಂಬೂರಿನಲ್ಲಿ ನೆಲವನ್ನು ಅಗೆದು ಕಡಲನ್ನೇ ಒಳಕ್ಕೆ ಬರಮಾಡಿಕೊಂಡರು. ಅದಕ್ಕಾಗಿ ಮನೆಮಾರು ತೊರೆದ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಬಾಳು ಕಟ್ಟಿಕೊಂಡವು. 1974ರಲ್ಲಿ ಇದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಕುದುರೆಮುಖದ ಅದಿರು ಹೊರನಾಡುಗಳಿಗೆ ಹೋದುದು ಇಲ್ಲಿಂದಲೇ.

ಈಗ ಮಳೆಗಾಲ ಕಳೆದ ಮೇಲೆ ಪ್ರವಾಸಿಗಳ ವಿಹಾರನೌಕೆಗಳೂ ಬರುತ್ತವೆ. ಬೆಳಿಗ್ಗೆ ಇಳಿದವರು ಕದ್ರಿಯ ದೇವಾಲಯವನ್ನೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ನೋಡಿ ಸಂಜೆಗೆ ಹಡಗನ್ನೇರುವರು. ಆ ಹಡಗು ನಿಂತಿರುವ ಜಾಗ ಒಂದು ಕಾಲದಲ್ಲಿ ನೆಲವಾಗಿತ್ತೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದೀತು!