ಸಪ್ಪಳದ ಓಣಿಯಲ್ಲಿ ಕಾರು ಕಾಯುವುದು

ಬೆಳಗಾವಿಯ ಉದ್ಯಮಬಾಗದಲ್ಲಿ ಹಗಲು ಹೊತ್ತು ಕಾರಿನ ಅಲಾರಾಂ ಹೊಡೆದುಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕಾಸ್ಟಿಂಗಿನ ಅಂಚು ಗ್ರೈಂಡರಿಗೆ ತಾಗಿದಾಗ ಎದುರಿಗೆ ನಿಂತವರ ಮಾತೇ ಕೇಳದು. ಇಲ್ಲಿ ಲೇತ್ ಶೆಡ್ಡು ನಡೆಸುವ ನನಗೆ ಇದು ಹೊಸದಲ್ಲ. ಆದರೆ ಈ ಸಪ್ಪಳ ಕಳ್ಳನಿಗೆ ಎಷ್ಟು ಅನುಕೂಲ ಎಂಬುದು ಗೊತ್ತಾದದ್ದು ಖಾನಾಪುರದಿಂದ ಬಂದಿದ್ದ ಮಾಮಾನ, ಅಂದರೆ ನಮ್ಮ ಅಕ್ಕನ ಯಜಮಾನರ, ಕಾರಿನ ಹಿಂದಿನ ಗಾಜು ಒಡೆದಾಗ. "ಮಷೀನ್ ಸಪ್ಪಳದಾಗ ಒಂದೀಟೂ ಕೇಳಲಿಲ್ರೀ ಸಾಹೇಬ್ರ" ಎಂದು ವಾಚ್‌ಮನ್ ಕಣ್ಣಲ್ಲಿ ನೀರು ತಂದುಕೊಂಡ. ಅವನದು ಸುಳ್ಳಲ್ಲ.

ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಅಂಟಿಕೊಂಡೇ ಇರುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಹಾಗಲ್ಲ. ಬಿಸಿ ಮಾಡಿ ಗಟ್ಟಿಗೊಳಿಸಿದ್ದು, ಮೊನಚು ಪೆಟ್ಟು ಬಿದ್ದರೆ ಕ್ಷಣದಲ್ಲಿ ಕಾಳುಕಾಳಾಗಿ ಉದುರುತ್ತದೆ. ಹಾಗಾಗಿ ಬಾಗಿಲು ಲಾಕ್ ಆಗಿತ್ತೇ ಎಂಬ ಪ್ರಶ್ನೆಗಿಂತ ಒಳಗೆ ಏನು ಕಾಣುತ್ತಿತ್ತು ಎಂಬುದೇ ದೊಡ್ಡದು. ಕಂಡದ್ದು ಹಿಂದಿನ ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಬ್ಯಾಗು. ಸೀಟಿನ ಮೇಲೆ ಚಾರ್ಜರಿನ ವೈರು ಸಹ ಇರಬಾರದು ಎಂದು ನಾನೀಗ ಹಟ ಹಿಡಿದು ಹೇಳುತ್ತೇನೆ. ಸಾಮಾನು ಡಿಕ್ಕಿಗೆ ಹಾಕುವುದಿದ್ದರೆ ಹೊರಡುವಾಗಲೇ ಹಾಕಬೇಕು. ಕಾರು ನಿಲ್ಲಿಸಿದ ಜಾಗದಲ್ಲಿ ಡಿಕ್ಕಿ ತೆರೆದು ಇಟ್ಟರೆ, ನೋಡುವವನು ನೋಡಿಯೇ ಇರುತ್ತಾನೆ.

ಲ್ಯಾಪ್‌ಟಾಪ್ ಹೋದದ್ದಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಆ ಬ್ಯಾಗಿನಲ್ಲಿದ್ದ ಕಾರಿನ ಎರಡನೇ ಕೀಲಿ. ಜೊತೆಗೆ ಆರ್‌ಸಿ, ಅದರಲ್ಲಿ ಮನೆ ವಿಳಾಸ. ಇವತ್ತು ಗಾಜು ಒಡೆದವನು ನಾಳೆ ಮನೆ ಮುಂದೆ ಬಂದು ಸದ್ದಿಲ್ಲದೆ ಕಾರನ್ನೇ ಒಯ್ಯಬಹುದು. ಲಾಕ್ ಸೆಟ್ ಬದಲಿಸಿ, ಕಾರಿನ ಕಂಪ್ಯೂಟರಿನಿಂದ ಹಳೆಯ ಕೀಲಿಯ ಗುರುತು ಅಳಿಸುವ ತನಕ ಅಕ್ಕನಿಗೆ ನಿದ್ದೆ ಇರಲಿಲ್ಲ. ಕಾರು ಹೋದಾಗ ವಿಮೆಯವರು ಮೊದಲು ಕೇಳುವುದೂ ಎರಡೂ ಕೀಲಿಗಳನ್ನೇ. ಒಂದು ಇಲ್ಲವೆಂದರೆ ಅಲ್ಲಿಂದಲೇ ತಕರಾರು. ಕಾಗದಪತ್ರವನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ, ಮೂಲ ಆರ್‌ಸಿ ಮನೆಯಲ್ಲೇ ಇರಲಿ. ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ಕಳವಿಗೆ ಒಂದು ಪೈಸೆಯೂ ಬಾರದು. ಪೂರ್ಣ ವಿಮೆ ಇದ್ದರೂ ಒಳಗಿದ್ದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ಕಬ್ಬಿಣದ ಕೆಲಸದವನಾಗಿ ನನ್ನ ಒಲವು ಗೇರ್ ಲಾಕ್ ಕಡೆಗೆ. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಜರ್ ಒಳ್ಳೆಯದೇ. ಆದರೆ ಅದನ್ನು ಮಣಿಸುವ ಯಂತ್ರಗಳೂ ಬಂದಿವೆ, ಅವಕ್ಕೆ ಸಪ್ಪಳವಿಲ್ಲ. ಗಟ್ಟಿ ಉಕ್ಕಿನ ಲಾಕು ಕತ್ತರಿಸಲು ಸಮಯ ಬೇಕು, ಕಿಡಿ ಹಾರುತ್ತದೆ. ಸ್ಟೇರಿಂಗಿಗೆ ಹಾಕುವ ದಪ್ಪ ಲಾಕು ಹೊರಗಿನಿಂದಲೇ ಕಾಣುತ್ತದೆ. ನೋಡಿದವನು ಮುಂದಿನ ಕಾರಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ಬಟನ್ ಒತ್ತಿ ಚಾಲೂ ಮಾಡುವ ಕಾರಿನವರು ಕೀಲಿಯನ್ನು ತಲಬಾಗಿಲ ಹತ್ತಿರ ತೂಗುಹಾಕಬಾರದು, ಅದರ ಸಿಗ್ನಲ್ ಹಿಡಿದು ಹಿಗ್ಗಿಸುವ ಸಾಧನಗಳಿವೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಆ ಡಬ್ಬಿ ಹಿಡಿದು ಕಾರಿನ ಬಾಗಿಲು ಎಳೆದು ನೋಡಿ. ತೆರೆದರೆ ಬೇರೆ ಡಬ್ಬಿ ಹುಡುಕಿ.

ನಮ್ಮ ಊರಿನ ಇನ್ನೊಂದು ಕಷ್ಟ ಗಡಿ. ಖಾನಾಪುರ ರಸ್ತೆ ಹಿಡಿದರೆ ಅನಮೋಡ ಘಾಟು, ಗೋವಾ. ಇತ್ತ ಶಿನೋಳಿ ಮುಟ್ಟಿದರೆ ಮಹಾರಾಷ್ಟ್ರ. ನೆರೆಹೊರೆಯವರನ್ನು ವಿಚಾರಿಸುತ್ತ ಕೂತರೆ ಕಾರು ಬೇರೆ ರಾಜ್ಯದಲ್ಲಿರುತ್ತದೆ. ಮೊದಲು 112ಕ್ಕೆ ಫೋನು ಮಾಡಬೇಕು. ಉದ್ಯಮಬಾಗ ಠಾಣೆ ನಗರ ಪೊಲೀಸ್ ಆಯುಕ್ತರ ಕೈಕೆಳಗಿನದು, ಖಾನಾಪುರದ್ದು ಜಿಲ್ಲಾ ಪೊಲೀಸರದು. ಆದರೆ 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಹದ್ದು ಯಾರದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಫಾಸ್ಟ್ಯಾಗಿಗೆ ನೀವು ದಿನವೂ ಬಳಸುವ ಫೋನ್ ನಂಬರನ್ನೇ ಜೋಡಿಸಿರಿ. ಗಣೇಬೈಲ ಅಥವಾ ಹತ್ತರಗಿ ಟೋಲ್ ದಾಟಿ ಹಣ ಕಡಿತವಾದರೆ ಬರುವ ಮೆಸೇಜು ಕಾರು ಯಾವ ದಿಕ್ಕಿಗೆ ಹೋಯಿತೆಂದು ಹೇಳುತ್ತದೆ. ಟೋಲ್ ತಪ್ಪಿಸುವ ಹಳ್ಳಿ ದಾರಿಗಳು ಇದ್ದೇ ಇವೆ, ಆ ಮೆಸೇಜೊಂದನ್ನೇ ನೆಚ್ಚಬೇಡಿ.

ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಿಕೊಳ್ಳಲು ಹೇಳುತ್ತದೆ. ನಮ್ಮಂಥ ನಾಲ್ಕಾರು ಜನರ ಶೆಡ್ಡುಗಳು ಅದರೊಳಗೆ ಬರುವುದಿಲ್ಲ, ಆದರೂ ಕಾರುಗಳು ನಿಲ್ಲುವುದು ಈ ಶೆಡ್ಡುಗಳ ಮುಂದೆಯೇ. ಈಗ ನಾವು ಅಕ್ಕಪಕ್ಕದವರು ಹಣ ಕೂಡಿಸಿ ಓಣಿಯ ಬಾಯಿಗೆ ಒಂದು ಕ್ಯಾಮೆರಾ ಹಾಕಿಸಿದ್ದೇವೆ. ಮೇಲೆ ಛಾವಣಿಗಲ್ಲ, ನಂಬರ್ ಪ್ಲೇಟು ಓದಲು ಬರುವಷ್ಟು ಕೆಳಗೆ. ವಾಚ್‌ಮನ್ ಕುರ್ಚಿಯನ್ನೂ ಗೇಟಿನ ಒಳಗಿನಿಂದ ಹೊರಗೆ, ಕಾರುಗಳ ಸಾಲು ಕಾಣುವ ಕಡೆ ಹಾಕಿದ್ದೇವೆ. ಬೀದಿದೀಪಕ್ಕೆ ಅರ್ಜಿ ಕೊಟ್ಟಿದ್ದೇವೆ, ಅದು ಬರುವವರೆಗೆ ಪ್ರತಿ ಶೆಡ್ಡಿನವರೂ ಹೊರಗಿನ ಒಂದು ದೀಪ ರಾತ್ರಿಯಿಡೀ ಉರಿಸಬೇಕೆಂದು ಮಾತಾಗಿದೆ.