ಸ್ವಿಚ್ ಇಲ್ಲದ ಪ್ಲಗ್ ಪಾಯಿಂಟ್: ದೇವಸ್ಥಾನದ ಅಡುಗೆಮನೆಯಲ್ಲಿ ಸೇವೆ ಮಾಡುವ ಹಿರಿಯರಿಗೆ

ಊರಿನಲ್ಲಿ ಗ್ರೈಂಡರ್ ತೊಳೆಯುವ ಮೊದಲು ಗೋಡೆಯ ಸ್ವಿಚ್ ಆರಿಸುವುದು ನಿಮಗೆ ರೂಢಿ. ಅಮೆರಿಕದಲ್ಲಿ ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ಕರೆಂಟ್ ಸದಾ ಇರುತ್ತದೆ. ಗ್ರೈಂಡರಿನ ಗುಂಡಿ ಆರಿಸಿದರೂ ವೈರಿನಲ್ಲಿ ಕರೆಂಟ್ ಉಳಿದಿರುತ್ತದೆ. ಆದ್ದರಿಂದ ತೊಳೆಯುವ ಮೊದಲು ಕೈ ಚೆನ್ನಾಗಿ ಒರೆಸಿಕೊಂಡು ಪ್ಲಗ್ಗನ್ನೇ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ. ಪ್ಲಗ್ ಅರ್ಧ ಹೊರಬಂದಾಗ ಲೋಹದ ಪಿನ್ನಿಗೆ ಬೆರಳು ತಾಗದಂತೆ ನೋಡಿಕೊಳ್ಳಿ.

"ನಮ್ಮಲ್ಲಿ 230 ವೋಲ್ಟ್, ಇಲ್ಲಿ ಬರೀ 120, ಏನಾಗುತ್ತೆ?" ಎನ್ನುವವರಿದ್ದಾರೆ. 120 ವೋಲ್ಟೂ ಪ್ರಾಣ ತೆಗೆಯಬಲ್ಲದು. ಒದ್ದೆ ಚರ್ಮದಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ದೇವಸ್ಥಾನವೆಂದು ನಾವು ಬರಿಗಾಲಿನಲ್ಲಿರುತ್ತೇವೆ, ಅಕ್ಕಿ ತೊಳೆದ ನೀರು ನೆಲದ ಮೇಲೆ ಚೆಲ್ಲಿರುತ್ತದೆ. ಮೊದಲು ನೆಲ ಒರೆಸಿ, ಆಮೇಲೆ ರುಬ್ಬಿ. ಅಡುಗೆಮನೆಗೆಂದೇ ಬೇರೆ ರಬ್ಬರ್ ಚಪ್ಪಲಿ ಇಡಬಹುದೇ ಎಂದು ವ್ಯವಸ್ಥಾಪಕರನ್ನು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಸಿಂಕಿನ ಹತ್ತಿರದ ಪ್ಲಗ್ ಪಾಯಿಂಟಿನ ನಡುವೆ ಟೆಸ್ಟ್, ರೀಸೆಟ್ ಎಂಬ ಎರಡು ಪುಟ್ಟ ಗುಂಡಿಗಳಿರುತ್ತವೆ. ಇದು ಜಿಎಫ್‌ಸಿಐ. ಹೋದ ಕರೆಂಟ್ ಅಷ್ಟೂ ವಾಪಸ್ ಬರುತ್ತಿದೆಯೇ ಎಂದು ಇದು ಕಾಯುತ್ತಿರುತ್ತದೆ. ಸುಮಾರು 5 ಮಿಲಿ ಆಂಪಿಯರ್ ಬೇರೆ ಕಡೆ ಸೋರಿದರೂ ಕ್ಷಣದೊಳಗೆ ಕರೆಂಟ್ ಕಡಿಯುತ್ತದೆ. ಆ ಸೋರಿಕೆ ನಿಮ್ಮ ಮೈಮೂಲಕವೇ ಆಗಿರಬಹುದು! ಹೀಗೆ ಗ್ರೈಂಡರ್ ನಿಂತರೆ ಬೈದುಕೊಂಡು, ಹಾಲ್‌ನಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ಓಡಿಸಬೇಡಿ. ಪ್ಲಗ್ ತೆಗೆದು ಅಡುಗೆಮನೆ ನೋಡಿಕೊಳ್ಳುವವರಿಗೆ ತಿಳಿಸಿ. ಮಧ್ಯಾಹ್ನದ ಪ್ರಸಾದ ಸ್ವಲ್ಪ ತಡವಾಗಲಿ.

ಊರಿನಿಂದ ತಂದ ಮಿಕ್ಸಿಗೆ ಅಡಾಪ್ಟರ್ ಹಾಕಿದರೆ ಪಿನ್ನಿನ ಆಕಾರ ಮಾತ್ರ ಬದಲಾಗುತ್ತದೆ, ವೋಲ್ಟೇಜ್ ಅಲ್ಲ. ಅದರಲ್ಲೂ ಮೂರನೆಯ ಪಿನ್, ಅಂದರೆ ಅರ್ಥ್, ಇಲ್ಲದ ಅಡಾಪ್ಟರ್ ಬೇಡವೇ ಬೇಡ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಬ್ರೇಕರ್ ಆರಿಸಿ, 911ಕ್ಕೆ ಫೋನ್ ಮಾಡಿಸಿ. ಬ್ರೇಕರ್ ಪೆಟ್ಟಿಗೆ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ.

ನಿಮಗೇ ಶಾಕ್ ಹೊಡೆದು "ಈಗ ಸರಿಯಾಯಿತು" ಅನ್ನಿಸಿದರೂ ಸುಮ್ಮನಿರಬೇಡಿ. ಹೃದಯದ ಬಡಿತದ ಲಯ ತಪ್ಪಿದ್ದು ಹೊರಗೆ ಕಾಣುವುದಿಲ್ಲ. ಹೃದಯದ ತೊಂದರೆ ಇರುವವರು, ಪೇಸ್‌ಮೇಕರ್ ಇರುವವರು ತಡಮಾಡಲೇಬಾರದು. ಮಗಳಿಗೆ ರಜೆ ಹಾಕಬೇಕಾಗುತ್ತದೆ, ಇಲ್ಲಿನ ಆಸ್ಪತ್ರೆ ಖರ್ಚು ಜಾಸ್ತಿ ಎಂದು ನಾವು ಮುಚ್ಚಿಡುವುದು ಇಂಥದ್ದನ್ನೇ. ಆಗಿದ್ದನ್ನು ಅಂದೇ ಮಕ್ಕಳಿಗೆ ಹೇಳಿ.